ಕವಿಯ ಮನೆ ಸ್ಮಾರಕವಾಗುವಾಗ ಯಾವ ಗೋಡೆ ಉಳಿಯಬೇಕು?

ಪಡಸಾಲೆ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಧಾರವಾಡದ ಹಳೆಯ ಓಣಿಯೊಂದರಲ್ಲಿ ಒಬ್ಬ ಕವಿಗಳ ಮನೆಯಿದೆ. ಬದುಕಿಡೀ ಶಾಲೆಯಲ್ಲಿ ಕನ್ನಡ ಕಲಿಸಿದವರು. ನನ್ನ ತಾಯಿಗೂ ಅವರೇ ಮಾಸ್ತರು. ಮನೆಯವರು ಬೇಡವೆಂದಿರುವುದರಿಂದ ಹೆಸರು ಬರೆಯುತ್ತಿಲ್ಲ. ಆ ಮನೆಯನ್ನು ಒಂದು ಸಣ್ಣ ಸ್ಮಾರಕ ವಸ್ತುಸಂಗ್ರಹಾಲಯ ಮಾಡಬೇಕೆಂದು ಅವರ ಶಿಷ್ಯರು, ಬಂಧುಗಳು ಸೇರಿ ಸಮಿತಿ ಮಾಡಿಕೊಂಡಿದ್ದಾರೆ. ನಾನು ಕಟ್ಟಡಗಳ ನಕ್ಷೆ ಬರೆಯುವ ಕೆಲಸದವನು. ನಕ್ಷೆಯೊಂದು ಆಗಲೇ ಸಿದ್ಧವಾಗಿದೆ, ನೋಡಿ ಅಭಿಪ್ರಾಯ ಹೇಳಿ ಎಂದು ನನ್ನ ಕೈಗೆ ಕೊಟ್ಟರು. ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಐದು ಅಂಕಣದ, ಎಂದರೆ ಕಂಬಗಳ ನಡುವೆ ಐದು ಪಾಲುಗಳಿರುವ ಮನೆ ಅದು. ಹೊರಗೆ ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಮಗ್ಗುಲಲ್ಲಿ ದೇವರ ಕೋಣೆ, ಮೇಲೆ ಅಟ್ಟ. ಹಿತ್ತಲಲ್ಲಿ ಬಾವಿ ಮತ್ತು ಒಂದು ಪೇರಲ ಗಿಡ. ಗೋಡೆ ಮಣ್ಣಿನದು, ತೊಲೆ ಸಾಗವಾನಿಯದು, ನೆಲಕ್ಕೆ ಶಹಾಬಾದ್ ಫರಸಿ, ಮೇಲೆ ಮಂಗಳೂರು ಹಂಚು. ಹೊಸ ನಕ್ಷೆಯಲ್ಲಿ ಪಡಸಾಲೆ ಮತ್ತು ಅಡುಗೆಮನೆಯ ನಡುವಿನ ಗೋಡೆಯನ್ನು ತೆಗೆದು ಒಂದೇ ದೊಡ್ಡ ಗ್ಯಾಲರಿ ಮಾಡಿದ್ದಾರೆ. ಕಟ್ಟೆಯ ಜಾಗದಲ್ಲಿ ತೆರೆದ ಪುಸ್ತಕದ ಆಕಾರದ ಕಾಂಕ್ರೀಟ್ ಗೋಡೆ ಬರುತ್ತದೆ. ಹಿತ್ತಲಲ್ಲಿ ಗುಮ್ಮಟವಿರುವ ಸಭಾಭವನ, ಅದರೊಳಗೆ ಕವಿಯ ಪ್ರತಿಮೆ. ಬರೆದವರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಇಷ್ಟೆಲ್ಲ ಆದ ಮೇಲೆ ಅಲ್ಲಿ ಆ ಮನೆಯೇ ಇರುವುದಿಲ್ಲ.

ಕಳೆದ ಭಾನುವಾರ ಪಡಸಾಲೆಯಲ್ಲಿ ಮಧ್ಯಾಹ್ನವೆಲ್ಲ ಒಬ್ಬನೇ ಕುಳಿತಿದ್ದೆ. ಕಿಟಕಿಯ ಕೆಳಗೆ ಫರಸಿಯ ಮೇಲೆ ಎರಡು ಗೀರುಗಳಿವೆ. ಒಂದಕ್ಕೊಂದು ಸಮಾನಾಂತರವಾಗಿ, ಕಿಟಕಿಯಿಂದ ನಡುಗಂಬದವರೆಗೆ ಸುಮಾರು ಮೂರು ಅಡಿ ಹೋಗುತ್ತವೆ. ಅವರು ನೆಲದ ಮೇಲೆ ಕುಳಿತು ಬರೆಯುತ್ತಿದ್ದ ಡೆಸ್ಕಿನ ಕಾಲುಗಳ ಅಗಲವೂ ಗೀರುಗಳ ನಡುವಿನ ಅಂತರವೂ ಒಂದೇ, ಅಳೆದು ನೋಡಿದೆ. ಡೆಸ್ಕನ್ನು ಎಳೆದೆಳೆದು ಫರಸಿ ಸವೆದಿದೆ. ಹೊತ್ತು ಸರಿದಂತೆ ಬಿಸಿಲಿನ ಹಿಂದೆ ಕವಿ ಸರಿದಿರಬೇಕು. ನನಗೆ ಆ ಗೀರುಗಳೇ ವಸ್ತುಸಂಗ್ರಹಾಲಯ. ಹೊಸ ನಕ್ಷೆಯ ಪ್ರಕಾರ ಅವುಗಳ ಮೇಲೆ ಹೊಳಪಿನ ಟೈಲ್ಸ್ ಬೀಳುತ್ತದೆ.

ಸಮಿತಿಯ ಸಭೆ ಮುಂದಿನ ತಿಂಗಳಿದೆ. ಮಣ್ಣಿನ ಮನೆ ಬಲ್ಲವರು, ಹಳೆಯ ಕಾಗದ ಬಲ್ಲವರು, ಇಂಥ ಸ್ಮಾರಕಗಳಿಗೆ ಮಕ್ಕಳನ್ನು ಕರೆದೊಯ್ಯುವವರು ನಿಮ್ಮ ಅನುಭವ ಬರೆಯಿರಿ.

ಗೌಂಡಿಯ ಮಗ (ಹುಬ್ಬಳ್ಳಿ)

ಸರ್, ಮೊದಲು ಗೋಡೆಗೆ ಸಿಮೆಂಟು ಮುಟ್ಟಿಸಬೇಡಿ. ಇದೊಂದನ್ನು ಸಮಿತಿಯವರಿಗೆ ಹೇಳಿದರೆ ಅರ್ಧ ಮನೆ ಉಳಿದಂತೆ.

ನಮ್ಮ ತಂದೆ ಗೌಂಡಿ ಕೆಲಸ ಮಾಡಿದವರು, ನಾನೂ ಅವರ ಕೈಕೆಳಗೆ ಕಲಿತವನು. ಮಣ್ಣಿನ ಗೋಡೆ ಮಳೆಗಾಲದಲ್ಲಿ ನೆಲದ ತೇವವನ್ನು ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಿಲಾವು ಆ ತೇವವನ್ನು ಹೊರಗೆ ಹೋಗಗೊಡುತ್ತದೆ. ಸಿಮೆಂಟಿನ ಗಿಲಾವು ತಡೆಯುತ್ತದೆ. ಹೊರಗಿನಿಂದ ಗೋಡೆ ಗಟ್ಟಿಯಾಗಿ, ನುಣುಪಾಗಿ ಕಾಣುತ್ತದೆ. ಒಳಗೆ ಮಣ್ಣು ತೇವ ಹಿಡಿದುಕೊಂಡು ಮೆತ್ತಗಾಗುತ್ತ ಹೋಗುತ್ತದೆ. ನಾಲ್ಕಾರು ಮಳೆಗಾಲ ಕಳೆದ ಮೇಲೆ ಗಿಲಾವು ಹೊಟ್ಟೆ ಉಬ್ಬಿ ಹಪ್ಪಳದಂತೆ ಕಳಚುತ್ತದೆ, ಜೊತೆಗೆ ಒಂದು ಗೇಣು ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಆಗ ಎಲ್ಲರೂ ಮಣ್ಣನ್ನು ಬೈಯುತ್ತಾರೆ.

ಎರಡನೆಯದು, ಪಡಸಾಲೆ ಮತ್ತು ಅಡುಗೆಮನೆಯ ನಡುವಿನ ಗೋಡೆ. ಐದು ಅಂಕಣದ ಮನೆಯಲ್ಲಿ ಆ ಗೋಡೆಯ ಮೇಲೆ ತೊಲೆ ಕುಳಿತಿರುವ ಸಾಧ್ಯತೆಯೇ ಹೆಚ್ಚು. ತೊಲೆಯ ತುದಿ ಎಲ್ಲಿ ಕೂತಿದೆ ಎಂದು ಅಟ್ಟ ಹತ್ತಿ ನೋಡದೆ ಒಂದು ಇಟ್ಟಿಗೆಯನ್ನೂ ತೆಗೆಯಬಾರದು. ತೆಗೆದು ಕಬ್ಬಿಣದ ಬೀಮು ಕೊಡಬಹುದು ಎನ್ನುತ್ತಾರೆ. ಕೊಡಬಹುದು. ಆದರೆ ಆ ಬೀಮಿನ ಭಾರವೆಲ್ಲ ಎರಡು ತುದಿಗಳಲ್ಲಿ ಬೀಳುತ್ತದೆ. ಉದ್ದಕ್ಕೂ ಭಾರ ಹಂಚಿಕೊಂಡು ನಿಂತು ರೂಢಿಯಿರುವ ಮಣ್ಣಿನ ಗೋಡೆ ಹಾಗೆ ಒಂದೇ ಕಡೆ ಒತ್ತಿದರೆ ಸೀಳುತ್ತದೆ.

ಮೂರನೆಯದು, ತಳ. ಧಾರವಾಡದ ಏರಿನ ಮೇಲೆ ಗರಸು, ಅಂದರೆ ಹರಳು ಬೆರೆತ ಗಟ್ಟಿ ಮಣ್ಣು ಸಿಗುತ್ತದೆ, ಅದು ಒಳ್ಳೆಯದು. ಹುಬ್ಬಳ್ಳಿ, ನವಲಗುಂದದ ಕಡೆಯ ಎರೆ ಮಣ್ಣಾದರೆ ಮಳೆಗೆ ಉಬ್ಬಿ, ಬಿಸಿಲಿಗೆ ಬಿರುಕು ಬಿಡುತ್ತದೆ. ಹಿತ್ತಲಲ್ಲಿ ಹೊಸದೇನಾದರೂ ಕಟ್ಟುವುದಾದರೆ ಹಳೆಯ ಗೋಡೆಯಿಂದ ದೂರ ಇರಿ. ಹೊಸ ತಳಕ್ಕೆ ಆಳವಾಗಿ ಅಗೆದಾಗ ಹಳೆಯ ತಳದ ಮಗ್ಗುಲು ಸಡಿಲವಾಗುತ್ತದೆ.

ಗೆದ್ದಲನ್ನೂ ನೋಡಿ. ತೊಲೆಯನ್ನು ಬೆರಳಿನಿಂದ ತಟ್ಟಿದರೆ ಗಟ್ಟಿ ಸಾಗವಾನಿ ಒಂದು ಸದ್ದು ಕೊಡುತ್ತದೆ, ತಿಂದ ಸಾಗವಾನಿ ಬೇರೆಯೇ ಸದ್ದು ಕೊಡುತ್ತದೆ. ತುದಿಗಳಲ್ಲಿ, ಗೋಡೆಯೊಳಗೆ ಹೋಗುವ ಕಡೆ ತಟ್ಟಿರಿ.

ಹಸ್ತಪ್ರತಿ (ಧಾರವಾಡ)

ಪಡಸಾಲೆಯವರೇ, ತಮ್ಮ ಕಳಕಳಿ ದೊಡ್ಡದು. ಆದರೆ ಬಿಸಿಲಿನ ಬಗ್ಗೆ ತಾವು ಬರೆದ ಸಾಲು ಓದಿ ನನಗೆ ಭಯವಾಯಿತು. ಆ ಕಿಟಕಿಯ ಬೆಳಕಿನಲ್ಲಿ ಅವರ ಹಸ್ತಪ್ರತಿಗಳನ್ನು ಇಡುವ ಯೋಚನೆಯಿದ್ದರೆ ದಯವಿಟ್ಟು ಬಿಡಿ.

ಕಾಗದ ಮತ್ತು ಶಾಯಿಯ ಮೇಲೆ ಬೀಳುವ ಬೆಳಕು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ದಾಟಬಾರದು ಎಂಬುದು ವಸ್ತುಸಂಗ್ರಹಾಲಯಗಳು ಪಾಲಿಸುವ ಮಿತಿ. ನಮ್ಮ ಬೇಸಿಗೆಯ ಹಗಲಲ್ಲಿ ಕಿಟಕಿಯ ಬಳಿ ಅದರ ಎಷ್ಟೋ ಪಟ್ಟು ಬೆಳಕಿರುತ್ತದೆ. ಬೆಳಕಿನಿಂದ ಆದ ಹಾನಿ ತಿರುಗಿ ಸರಿಯಾಗುವುದಿಲ್ಲ. ಮಾಸಿದ ಶಾಯಿಯನ್ನು ಕತ್ತಲೆಯಲ್ಲಿ ಇಟ್ಟರೆ ಮತ್ತೆ ಕಪ್ಪಾಗುವುದಿಲ್ಲ. ಧಾರವಾಡದ ಮಳೆಗಾಲದ ಜಿಟಿಜಿಟಿಯಲ್ಲಿ ತೇವವೂ ಏರುತ್ತದೆ, ಬೂಷ್ಟು ಹಿಡಿಯುತ್ತದೆ, ಬೆಳ್ಳಿಮೀನು ಹುಳ ಬರುತ್ತದೆ. ಮಣ್ಣಿನ ಮನೆ ಮನುಷ್ಯರಿಗೆ ತಂಪು, ಕಾಗದಕ್ಕೆ ಯಾವಾಗಲೂ ಅಲ್ಲ.

ಒಂದು ಗ್ರಂಥಾಲಯದಲ್ಲಿ ಕಂಡದ್ದನ್ನು ಹೇಳುತ್ತೇನೆ. ಹಿರಿಯ ಲೇಖಕರೊಬ್ಬರ ಪತ್ರಗಳನ್ನು ಜೋಪಾನ ಮಾಡಬೇಕೆಂದು ಅವನ್ನೆಲ್ಲ ಪ್ಲಾಸ್ಟಿಕ್ ಹಾಳೆಯೊಳಗೆ ಬಿಸಿ ಮಾಡಿ ಲ್ಯಾಮಿನೇಟ್ ಮಾಡಿಸಿದ್ದರು. ಹರಿದ ಕಡೆ ಅದಕ್ಕೂ ಮೊದಲೇ ಅಂಟುಪಟ್ಟಿ ಹಚ್ಚಿದ್ದರು. ಅಂಟು ಹಳದಿಯಾಗಿ ಅಕ್ಷರಗಳೊಳಗೆ ಇಳಿದಿತ್ತು. ಈಗ ಪ್ಲಾಸ್ಟಿಕ್ ಬಿಡಿಸಿದರೆ ಶಾಯಿಯೂ ಜೊತೆಗೆ ಬರುತ್ತದೆ. ಮಾಡಿದವರು ಪ್ರೀತಿಯಿಂದಲೇ ಮಾಡಿದ್ದರು. ಆ ಪತ್ರಗಳನ್ನು ಕೈಯಲ್ಲಿ ಹಿಡಿದು ನಾನು ಅತ್ತಿದ್ದೇನೆ.

ನನ್ನ ಸಲಹೆ: ಮೂಲ ಪ್ರತಿಗಳನ್ನು ಆಮ್ಲವಿಲ್ಲದ ಕಾಗದದ ಪೆಟ್ಟಿಗೆಗಳಲ್ಲಿ ಇಟ್ಟು, ಅದಕ್ಕೆಂದೇ ವ್ಯವಸ್ಥೆಯಿರುವ ಕಡೆ ಒಪ್ಪಿಸಿ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠ ಹಸ್ತಪ್ರತಿಗಳ ಕೆಲಸದಲ್ಲಿ ಹಳೆಯದು, ಊರಲ್ಲೇ ಇದೆ, ಹೋಗಿ ಕೇಳಿ. ಮನೆಯಲ್ಲಿ ಒಳ್ಳೆಯ ನಕಲುಗಳನ್ನು ಇಡಿ, ನಕಲು ಎಂದು ಸ್ಪಷ್ಟವಾಗಿ ಬರೆಯಿರಿ. ಓದುವವನಿಗೆ ತಿದ್ದುಪಡಿ ಕಾಣಬೇಕು, ಹೊಡೆದು ಹಾಕಿದ ಪದ ಕಾಣಬೇಕು. ಅದಕ್ಕೆ ನಕಲು ಸಾಕು.

ಗದಗಿನ ಓದುಗ

ನಮ್ಮಲ್ಲಿ ವೀರನಾರಾಯಣನ ಗುಡಿಯಿದೆ. ಕೋಳಿವಾಡದ ಕುಮಾರವ್ಯಾಸ ಅಲ್ಲಿ ರಂಗಮಂಟಪದ ಕಂಬವೊಂದಕ್ಕೆ ಒರಗಿ ಕುಳಿತು ಭಾರತ ಬರೆದನೆಂದು ಜನ ನಂಬಿಕೊಂಡು ಬಂದಿದ್ದಾರೆ. ಆ ಕಂಬವನ್ನು ಇವತ್ತಿಗೂ ತೋರಿಸುತ್ತಾರೆ. 15ನೆಯ ಶತಮಾನದ ಕವಿಗೆ ಅದೊಂದು ಕಂಬವೇ ಸ್ಮಾರಕ. ಗಾಜಿನ ಪೆಟ್ಟಿಗೆಯಿಲ್ಲ, ಟಿಕೆಟ್ಟಿಲ್ಲ. ಚಿಕ್ಕವನಿದ್ದಾಗ ನಮ್ಮ ಅಜ್ಜ ನನ್ನ ಬೆನ್ನನ್ನು ಆ ಕಂಬಕ್ಕೆ ತಾಗಿಸಿ ನಿಲ್ಲಿಸಿ ಒಂದು ಷಟ್ಪದಿ ಹೇಳಿಸಿದ್ದರು. ಕಲ್ಲಿನ ತಣ್ಪು ಬೆನ್ನಿಗೆ ಹತ್ತಿದ್ದು ಈಗಲೂ ನೆನಪಿದೆ.

ಆದ್ದರಿಂದ ಆ ಎರಡು ಗೀರುಗಳ ಸುತ್ತ ಹಗ್ಗ ಕಟ್ಟಬೇಡಿ ಸರ್. ಡೆಸ್ಕನ್ನು ಅಲ್ಲೇ ಇಡಿ. ಬಂದವರು ಅದರ ಮುಂದೆ ನೆಲದ ಮೇಲೆ ಕುಳಿತುಕೊಳ್ಳಲಿ.

ಹಾವೇರಿ ಮಾಸ್ತರ

ಎಲ್ಲರೂ ಬರೆದದ್ದನ್ನು ಓದಿದೆ. ಸಭಾಭವನದ ಪರವಾಗಿ ಮಾತಾಡುವವರು ಇಲ್ಲಿ ಯಾರೂ ಇಲ್ಲದ್ದರಿಂದ ನಾನು ಮಾತಾಡುತ್ತೇನೆ.

ಪ್ರತಿ ವರ್ಷ ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತೇನೆ. ಒಂದು ಬಸ್ಸಿನಲ್ಲಿ 50 ಮಕ್ಕಳಿರುತ್ತಾರೆ. ಐದು ಅಂಕಣದ ಮನೆಯೊಳಗೆ 50 ಮಕ್ಕಳು ಹೊಕ್ಕರೆ ಮುಂದಿನವನು ಡೆಸ್ಕನ್ನು ನೋಡುತ್ತಾನೆ, ಹಿಂದಿನವನು ಮುಂದಿನವನ ತಲೆಯನ್ನು ನೋಡುತ್ತಾನೆ. ಉಳಿದವರು ಬಿಸಿಲಲ್ಲಿ ಓಣಿಯಲ್ಲಿ ನಿಲ್ಲಬೇಕು. ನೀರು ಎಲ್ಲಿ? ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ? ಕವಿಯ ಮನೆಯ ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದದ್ದು ಇದನ್ನೇ. ಒಂದು ಸ್ಮಾರಕದಲ್ಲಿ ಮಕ್ಕಳನ್ನು ಒಂದೂವರೆ ತಾಸು ಹೀಗೆ ನಿಲ್ಲಿಸಿಕೊಂಡು, ಒಬ್ಬ ಹುಡುಗಿಗೆ ಚಕ್ಕರ್ ಬಂದು ಬಿದ್ದಮೇಲೆ, ನಾನು ಎಲ್ಲಿಗೆ ಹೋಗುವುದಿದ್ದರೂ ಮೊದಲು ಇದನ್ನು ವಿಚಾರಿಸುತ್ತೇನೆ.

ಪ್ರತಿಮೆಯ ಬಗ್ಗೆಯೂ ಇಷ್ಟು ಬೇಸರ ಬೇಡ. ನಮ್ಮ ಜಿಲ್ಲೆಯ ಶಿಶುನಾಳಕ್ಕೆ ಹೋಗಿ ನೋಡಿ. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ಕಾಲವಾದವರು. ಅವರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ. ಬಂದವರಲ್ಲಿ ಓದು ಬರಹ ಬಾರದವರೂ ಇರುತ್ತಾರೆ. ಅವರಿಗೆ ಹಸ್ತಪ್ರತಿಯ ನಕಲಿನಿಂದ ಏನಾಗಬೇಕು? ಕೈ ಮುಗಿಯಲು, ಹೂವು ಇಡಲು ಒಂದು ಜಾಗ ಬೇಕು, ಕುಳಿತು ಹಾಡಲು ಒಂದು ನೆರಳು ಬೇಕು. ಕವಿಯನ್ನು ಓದಿದವರು ಮಾತ್ರ ಕವಿಯ ಮನೆಗೆ ಬರುತ್ತಾರೆ ಎಂದುಕೊಂಡು ನಕ್ಷೆ ಬರೆಯಬೇಡಿ.

ಪಡಸಾಲೆ (ಧಾರವಾಡ)

ಮಾಸ್ತರರೇ, ತಮ್ಮ ಮಾತು ನನಗೆ ನಾಟಿತು. ನಾನು ಒಬ್ಬನೇ ಕುಳಿತು ನೋಡಿದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವಾದಿಸುತ್ತಿದ್ದೆ. 50 ಮಕ್ಕಳ ಲೆಕ್ಕ ಹಾಕಿರಲಿಲ್ಲ.

ಸಾಧನಕೇರಿಗೆ ಮತ್ತೊಮ್ಮೆ ಹೋಗಿಬಂದೆ. ಬೇಂದ್ರೆಯವರು ಬಾಳಿದ ಮನೆ ‘ಶ್ರೀಮಾತಾ’ ಮನೆಯಾಗಿಯೇ ಉಳಿದಿದೆ, ಪಕ್ಕದಲ್ಲಿ ಬೇಂದ್ರೆ ಭವನವಿದೆ. ಸಭೆಯ ಭಾರವನ್ನು ಭವನ ಹೊರುವುದರಿಂದ ಮನೆಗೆ ಸಭಾಂಗಣವಾಗುವ ಕಷ್ಟವಿಲ್ಲ. ಎರಡನ್ನೂ ನೋಡಿ ಹೊರಗೆ ಬಂದರೆ ಕೆರೆ. ನಮ್ಮ ಕವಿಗಳ ಮನೆಗೆ ಕೆರೆಯಿಲ್ಲ, ಜಾಗವೂ ಅಷ್ಟಿಲ್ಲ, ಆದರೆ ಕ್ರಮ ಇದೇ ಆಗಬಹುದು. ಮನೆಯನ್ನು ಮನೆಯಾಗಿ ಬಿಟ್ಟು, ಹಿತ್ತಲಲ್ಲಿ ಬೇರೆಯಾಗಿ, ಗೌಂಡಿಯ ಮಗ ಹೇಳಿದಂತೆ ದೂರದಲ್ಲಿ, ಒಂದು ತಗ್ಗಿನ ಹಂಚಿನ ಹಜಾರ. ಅದರ ನೆತ್ತಿ ಮನೆಯ ನೆತ್ತಿಗಿಂತ ಮೇಲೆ ಹೋಗಬಾರದು, ಓಣಿಯಲ್ಲಿ ನಿಂತವನಿಗೆ ಅದು ಕಾಣಲೇಬಾರದು. ಅಲ್ಲೇ ಶೌಚಾಲಯ, ನೀರು. ಒಂದು ತಂಡ ಹಜಾರದಲ್ಲಿ ಕುಳಿತಿರುವಾಗ ಇನ್ನೊಂದು ತಂಡ ಮನೆಯೊಳಗೆ, ಒಮ್ಮೆಗೆ 12 ಮಂದಿಗಿಂತ ಹೆಚ್ಚಿಲ್ಲ.

ಕುಪ್ಪಳಿಯ ಕವಿಮನೆಯ ಹಾಗೆ ತೊಟ್ಟಿ ಮಾಡಿರಿ ಎಂದು ಸಮಿತಿಯಲ್ಲಿ ಒಬ್ಬರು ಕೇಳಿದ್ದರು. ಕುಪ್ಪಳಿಯದು ಮಲೆನಾಡಿನ ದೊಡ್ಡ ಮನೆತನದ ತೊಟ್ಟಿಮನೆ, ಕುವೆಂಪು ಬೆಳೆದ ನಿಜವಾದ ಮನೆ. ಅದನ್ನು ತಂದು ಧಾರವಾಡದ ಮಾಸ್ತರೊಬ್ಬರ ಐದು ಅಂಕಣದೊಳಗೆ ಕೂರಿಸಿದರೆ ಇಬ್ಬರಿಗೂ ಅನ್ಯಾಯ. ಅಲ್ಲಿಂದ ಕಲಿಯಬೇಕಾದದ್ದು ಬೇರೆಯಿದೆ. ಕಲಾವಿದ ಕೆ. ಟಿ. ಶಿವಪ್ರಸಾದರು ಆ ಮನೆಯ ಹತ್ತಿರದ ಗುಡ್ಡ ಕವಿಶೈಲದಲ್ಲಿ ನಿಲ್ಲಿಸಿದ ಕಲ್ಲುಗಳಿಗೆ ಗೋಡೆಯಿಲ್ಲ, ಮೇಲೆ ಸೂರೂ ಇಲ್ಲ. ಬಂದವನ ಕಣ್ಣು ತಾನಾಗಿ ಕಾಡಿನ ಕಡೆಗೆ ಹೋಗುತ್ತದೆ. ಕವಿ ಏನನ್ನು ನೋಡುತ್ತಿದ್ದನೋ ಅದನ್ನು ತೋರಿಸಿ ಕಟ್ಟಡ ಹಿಂದೆ ಸರಿಯುತ್ತದೆ.

ಗುಮ್ಮಟದ ವಿಷಯದಲ್ಲಿ ಮಾತ್ರ ನಾನು ಸಡಿಲಬಿಡುವುದಿಲ್ಲ, ಅದಕ್ಕೆ ಕಾರಣ ದನಿ. ಧಾರವಾಡದಲ್ಲಿ ಆಕಾಶವಾಣಿ 1950ರಲ್ಲಿ ಶುರುವಾಯಿತು. ಈ ಕವಿಗಳು ಅಲ್ಲಿ ಓದಿದ ಕವಿತೆಗಳ ಧ್ವನಿಸುರುಳಿ ಮನೆಯವರ ಹತ್ತಿರ ಒಂದಿದೆ, ನಾನು ಕೇಳಿದ್ದೇನೆ. ಸಣ್ಣ ದನಿ. ಸಾಲಿನ ಕೊನೆಯಲ್ಲಿ ಇನ್ನೂ ಸಣ್ಣದಾಗುತ್ತದೆ. ಅದನ್ನು ಕಾಂಕ್ರೀಟ್ ಗುಮ್ಮಟದ ಕೆಳಗೆ, ಹೊಳಪಿನ ನೆಲದ ಮೇಲೆ ಹಾಕಿದರೆ ಪ್ರತಿ ಅಕ್ಷರವೂ ಮೇಲೆ ಹೋಗಿ ತಿರುಗಿ ಬಂದು ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಗಟ್ಟಿ ಮೈಗಳು ದನಿಯನ್ನು ಹಿಂದಕ್ಕೆ ಎಸೆಯುತ್ತವೆ, ಗುಮ್ಮಟ ಅದನ್ನು ಒಂದೇ ಕಡೆ ಗುಡ್ಡೆ ಹಾಕುತ್ತದೆ. ಮಣ್ಣಿನ ಗೋಡೆಯ ಒರಟು ಮೈ, ಸಂದುಗಳಿರುವ ಹಂಚು, ಸಾಮಾನು ತುಂಬಿದ ಅಟ್ಟ, ಹಾಸಿದ ಜಮಖಾನೆ ಇವೆಲ್ಲ ದನಿಯನ್ನು ಚದುರಿಸುತ್ತವೆ, ಹೀರುತ್ತವೆ. ಪಡಸಾಲೆಯಲ್ಲಿ ಮೊಬೈಲಿನಿಂದಲೇ ಅದನ್ನು ಹಾಕಿ ನೋಡಿದೆ. ಕೊನೆಯ ಸಣ್ಣ ಅಕ್ಷರವೂ ಕೇಳಿಸಿತು.

ಹಸ್ತಪ್ರತಿಯವರೇ, ಮೂಲ ಪ್ರತಿಗಳ ವಿಷಯದಲ್ಲಿ ತಾವು ಹೇಳಿದಂತೆಯೇ ಆಗಲಿ. ಕಿಟಕಿಯ ಬಿಸಿಲು ಗೀರುಗಳ ಮೇಲೆ ಬೀಳಲಿ, ಕಾಗದದ ಮೇಲೆ ಬೇಡ.

ಮೊಮ್ಮಗಳು

ನಮಸ್ಕಾರ. ಇದು ನಮ್ಮ ಅಜ್ಜನ ಮನೆಯ ಬಗ್ಗೆಯೇ ಎಂದು ನನಗೆ ಗೊತ್ತಾಯಿತು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಪಡಸಾಲೆ ಅಣ್ಣನವರೇ, ಆ ಗೀರುಗಳು ಬಿಸಿಲಿನಿಂದ ಆದವಲ್ಲ. ಮಾಡು ಸೋರುತ್ತಿತ್ತು.

ಕಿಟಕಿಯ ನೇರಕ್ಕೆ ಮೇಲೆ ಒಂದು ಹಂಚು ಯಾವಾಗಲೂ ಒಡೆದಿರುತ್ತಿತ್ತು. ಮಂಗಗಳು ಪಕ್ಕದ ಮನೆಯ ಮಾವಿನ ಗಿಡದಿಂದ ಅದೇ ಜಾಗಕ್ಕೆ ಜಿಗಿಯುತ್ತಿದ್ದವು. ಹೊಸ ಹಂಚು ಹಾಕಿಸಿದರೆ ಮುಂದಿನ ಮಂಗನವರೆಗೆ ಅದರ ಆಯುಷ್ಯ. ಮಳೆ ಶುರುವಾದರೆ ಅಜ್ಜ ಡೆಸ್ಕನ್ನು ಕಂಬದ ಕಡೆಗೆ ಎಳೆದುಕೊಳ್ಳುತ್ತಿದ್ದರು, ಅಜ್ಜಿ ಆ ಜಾಗಕ್ಕೆ ಹಿತ್ತಾಳೆಯ ಬೋಗುಣಿ ತಂದಿಡುತ್ತಿದ್ದರು. ಮಳೆ ನಿಂತರೆ ಮತ್ತೆ ಕಿಟಕಿಯ ಹತ್ತಿರ. ಡೆಸ್ಕಿನ ಕಾಲಿಗೆ ಬಡಿದಿದ್ದ ಮೊಳೆಗಳ ತಲೆ ಹೊರಬಂದಿತ್ತು, ಅದಕ್ಕೇ ಫರಸಿ ಹಾಗೆ ಸವೆದದ್ದು. ಬೋಗುಣಿ ಈಗ ನನ್ನ ಹತ್ತಿರ ಇದೆ.

ಇನ್ನೊಂದು ಮಾತು, ಆ ನಡುಗೋಡೆಯದು. ಅದರಲ್ಲಿ ಒಂದು ಕಿಂಡಿಯಿದೆ, ನೋಡಿದ್ದೀರೋ ಇಲ್ಲವೋ. ಈಗ ಅದರ ಮುಂದೆ ಕಪಾಟು ಇಟ್ಟಿದ್ದಾರೆ. ಅಡುಗೆಮನೆಯಿಂದ ಪಡಸಾಲೆಗೆ ಚಹಾ ಕೊಡಲು ಮಾಡಿದ ಕಿಂಡಿ. ಅಜ್ಜ ಹೊಸದಾಗಿ ಬರೆದದ್ದನ್ನು ಡೆಸ್ಕಿನಲ್ಲಿ ಕುಳಿತೇ ಗಟ್ಟಿಯಾಗಿ ಓದುತ್ತಿದ್ದರು. ಅಜ್ಜಿ ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದರು. ಯಾವುದಾದರೂ ಪದ ಸರಿ ಬರಲಿಲ್ಲವೆನಿಸಿದರೆ ಅಜ್ಜಿಯ ಕೈ ನಿಲ್ಲುತ್ತಿತ್ತು. ಬಡಿಯುವ ಸದ್ದು ನಿಂತ ಕೂಡಲೇ ಅಜ್ಜ ಆ ಸಾಲನ್ನು ಹೊಡೆದು ಹಾಕುತ್ತಿದ್ದರು. ಅಜ್ಜಿ ಶಾಲೆಗೆ ಹೋದವರಲ್ಲ. ಬಾಯಿಬಿಟ್ಟು ಒಂದು ದಿನವೂ ಅಭಿಪ್ರಾಯ ಹೇಳಿದವರಲ್ಲ. ನಾನು ಕಿಂಡಿಯ ಕೆಳಗೆ ಕುಳಿತು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಗೋಡೆ ತೆಗೆಯುವ ನಕ್ಷೆಗೆ ನಮ್ಮ ಮನೆಯವರು ಸಹಿ ಮಾಡಿದ್ದಾರೆ. ನಾನೂ ಮಾಡಿದ್ದೇನೆ. ಆಗ ನನಗೆ ಅದು ಬರೀ ಗೋಡೆಯೆನಿಸಿತ್ತು. ಈಗ ಸಭೆಗೆ ನಾನೇ ಬಂದು ಹೇಳುತ್ತೇನೆ.

ಗದಗಿನ ಓದುಗ

ತಂಗಿ, ಆ ಬೋಗುಣಿಯನ್ನು ಯಾರಿಗೂ ಕೊಡಬೇಡ. ಮನೆ ಸಿದ್ಧವಾದ ಮೇಲೆ ಅದಿದ್ದ ಜಾಗದಲ್ಲೇ ಇಡು.

ಹಸ್ತಪ್ರತಿ (ಧಾರವಾಡ)

ಹೊಡೆದು ಹಾಕಿದ ಸಾಲುಗಳ ಪಕ್ಕದಲ್ಲಿ ಅವರು ಏನಾದರೂ ಗುರುತು ಮಾಡಿದ್ದಾರೆಯೇ, ಕರಡುಗಳಲ್ಲಿ ನೋಡಿ ತಾಯಿ. ಗುರುತಿದ್ದರೆ ಆ ಪುಟಗಳ ನಕಲನ್ನೇ ಕಿಂಡಿಯ ಮಗ್ಗುಲಲ್ಲಿ ಇಡಬೇಕು. ಕರಡುಗಳನ್ನು ಮುಟ್ಟುವಾಗ ಕೈ ತೊಳೆದು ಒರೆಸಿಕೊಳ್ಳಿ. ಪಿನ್ನು, ಕ್ಲಿಪ್ಪು ಇದ್ದರೆ ಎಳೆಯಬೇಡಿ, ತುಕ್ಕು ಕಾಗದವನ್ನು ಹಿಡಿದುಕೊಂಡಿರುತ್ತದೆ. ನಾನು ಬಂದು ತೆಗೆದುಕೊಡುತ್ತೇನೆ.

ಹಾವೇರಿ ಮಾಸ್ತರ

ಇದನ್ನು ಓದಿದ ಮೇಲೆ ಪ್ರತಿಮೆಯ ಬಗ್ಗೆ ನನ್ನ ಹಟವಿಲ್ಲ. ಹಿತ್ತಲಿನ ಹಜಾರದಲ್ಲಿ ಇಬ್ಬರ ಫೋಟೋ ಇಡಿ, ಅವರೊಬ್ಬರದೇ ಬೇಡ. ಹೂವು ಇಡಲು ಮುಂದೆ ಒಂದು ಕಟ್ಟೆ ಇರಲಿ. ಹೊಸ್ತಿಲು ಎತ್ತರವಿದ್ದರೆ ಗಾಲಿಕುರ್ಚಿಯವರು ಒಳಗೆ ಹೋಗುವುದು ಹೇಗೆ ಎಂಬುದನ್ನೂ ಈಗಲೇ ಯೋಚಿಸಿ. ಹೊಸ್ತಿಲು ಕೀಳಬೇಡಿ, ಬೇಕಾದಾಗ ಇಟ್ಟು ತೆಗೆಯುವ ಹಲಗೆಯ ಇಳಿಜಾರು ಮಾಡಿಸಿ. ನನ್ನ ತರಗತಿಯಲ್ಲಿ ಅಂಥ ಒಬ್ಬ ಹುಡುಗನಿದ್ದಾನೆ.

ಗೌಂಡಿಯ ಮಗ (ಹುಬ್ಬಳ್ಳಿ)

ಅಕ್ಕಾ, ಸೋರುವ ಜಾಗ ಗೊತ್ತಾದದ್ದು ಒಳ್ಳೆಯದಾಯಿತು. ಅಷ್ಟು ವರ್ಷ ಅದೇ ಕಡೆ ನೀರು ಬಿದ್ದಿದ್ದರೆ ಅಲ್ಲಿನ ಜಂತಿ ಮತ್ತು ರೀಪು ಕೊಳೆತಿರುತ್ತವೆ. ಕಿಟಕಿಯ ಮೇಲಿನ ಗೋಡೆಯ ತಲೆಯೂ ಕರಗಿರಬಹುದು. ಸರ್, ಮೊದಲ ಏಣಿ ಅಲ್ಲಿಗೇ ಹಾಕಿ.

ಹಂಚೆಲ್ಲ ಒಮ್ಮೆಗೆ ಇಳಿಸಬೇಡಿ. ಒಂದೊಂದೇ ಅಂಕಣ ಇಳಿಸಿ, ರೀಪು ಬದಲಿಸಿ, ಅದೇ ಹಂಚನ್ನು ಮತ್ತೆ ಏರಿಸಿ. ಇಳಿಸುವಾಗ ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಮುದ್ರೆ ಇರುತ್ತದೆ, ನೋಡಿ ಬರೆದಿಡಿ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಆಮೇಲೆ ಬಂದ ಕಾರ್ಖಾನೆಗಳೂ ತಮ್ಮ ತಮ್ಮ ಮುದ್ರೆ ಒತ್ತುತ್ತಿದ್ದವು. ಬೇರೆ ಬೇರೆ ಕಾರ್ಖಾನೆಯ ಹಂಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಮಂಗ ಒಡೆದ ಮೇಲೆ ಹಾಕಿಸಿದ ಹಂಚು ಬೇರೆ ಕಾರ್ಖಾನೆಯದಾಗಿದ್ದರೆ ಸೋರಿಕೆ ನಿಲ್ಲದ್ದಕ್ಕೆ ಅದೂ ಒಂದು ಕಾರಣವಿರಬಹುದು. ಹೀಗಾಗಿ ಆ ಜಾಗದ ಹಂಚುಗಳನ್ನು ಬೇರೆಯಾಗಿ ಎತ್ತಿಡಿ.

ಪ್ರತಿ ವರ್ಷ ಮೃಗಶಿರಾ ಮಳೆಗೆ ಮೊದಲು ಯಾರಾದರೂ ಮೇಲೆ ಹತ್ತಿ ಹಂಚು ಕೈಯಾಡಿಸಲೇಬೇಕು. ಉದ್ಘಾಟನೆಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆಂದು ಬ್ಯಾಂಕಿನಲ್ಲಿಡಿ. ಕಟ್ಟುವಾಗ ಎಲ್ಲರೂ ಬರುತ್ತಾರೆ, ಏಳನೆಯ ವರ್ಷದ ಹಂಚಿಗೆ ಯಾರೂ ಬರುವುದಿಲ್ಲ.

ಪಡಸಾಲೆ (ಧಾರವಾಡ)

ತಂಗಿ, ನೀವು ಬರೆದದ್ದನ್ನು ನನ್ನ ತಾಯಿಗೆ ಓದಿ ಹೇಳಿದೆ. ರೊಟ್ಟಿಯ ಮಾತು ಬಂದಾಗ ಕಣ್ಣೊರೆಸಿಕೊಂಡರು. ಗೀರುಗಳ ವಿಷಯದಲ್ಲಿ ನಾನು ಕಲ್ಪಿಸಿಕೊಂಡದ್ದಕ್ಕಿಂತ ನಿಜ ಹೆಚ್ಚು ದೊಡ್ಡದಾಗಿದೆ. ಬಿಸಿಲಿನ ಮಾತನ್ನೇ ಫಲಕದಲ್ಲಿ ಬರೆಸಿಬಿಡುತ್ತಿದ್ದೆ. ತಡೆದಿರಿ, ಕೃತಜ್ಞ.

ನಿನ್ನೆ ಸಂಜೆ ಹೋಗಿ ಕಪಾಟನ್ನು ಸರಿಸಿದೆವು. ಕಿಂಡಿಯಿದೆ. ಒಂದು ಅಡಿ ಎರಡು ಅಂಗುಲ ಅಗಲ, ಒಂದು ಅಡಿ ಎತ್ತರ, ಕೆಳಗೆ ಕಡಪಾ ಕಲ್ಲಿನ ಹಾಸು. ಹಾಸಿನ ಮೇಲೆ ಲೋಟದ ತಳದ ಗುಂಡನೆಯ ಕಲೆಗಳು ಒಂದರ ಮೇಲೊಂದು ಬಿದ್ದಿವೆ. ನಾನು ಡೆಸ್ಕಿನ ಜಾಗದಲ್ಲಿ ಕುಳಿತೆ. ತಾಯಿಯವರು ಅಡುಗೆಮನೆಗೆ ಹೋಗಿ ಹಿಟ್ಟು ನಾದುವ ಕೊಣಮಿಗೆಯ ಮೇಲೆ ಅಂಗೈಯಿಂದ ತಟ್ಟಿದರು. ಪ್ರತಿ ತಟ್ಟೂ ಕಿಂಡಿಯಿಂದ ನೇರವಾಗಿ ಬಂತು. ನಿಲ್ಲಿಸಿದಾಗ ಅದೂ ಕೇಳಿಸಿತು.

ನನ್ನ ನಕ್ಷೆಯಲ್ಲಿ ಆ ಗೋಡೆಯನ್ನು ಕಪ್ಪು ಶಾಯಿಯಿಂದ ದಪ್ಪಗೆ ಬರೆದಿದ್ದೇನೆ. ಹಜಾರವನ್ನು ಪೇರಲ ಗಿಡದ ಆಚೆಗೆ ಸರಿಸಿದ್ದೇನೆ, ಗಿಡ ಉಳಿಯುತ್ತದೆ. ಅಟ್ಟ ಹತ್ತಿ ತೊಲೆಯ ತುದಿ ನೋಡುವ ಕೆಲಸ ಬಾಕಿಯಿದೆ. ಗೌಂಡಿಯ ಮಗ, ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಬರಲು ಸಾಧ್ಯವೇ? ಏಣಿ ನಾನು ತರುತ್ತೇನೆ. ಸುಣ್ಣ ಎಷ್ಟು ಬೇಕು ಹೇಳಿದರೆ ಈ ವಾರವೇ ತಂದು ಹಿತ್ತಲಿನ ತೊಟ್ಟಿಯಲ್ಲಿ ನೆನೆಹಾಕುತ್ತೇವೆ.

ಗೌಂಡಿಯ ಮಗ (ಹುಬ್ಬಳ್ಳಿ)

ಬರುತ್ತೇನೆ ಸರ್. ಸುಣ್ಣ ಸದ್ಯಕ್ಕೆ ಎರಡು ಚೀಲ ಸಾಕು, ಕಲ್ಲುಸುಣ್ಣವೇ ಇರಲಿ, ಪುಡಿಯದು ಬೇಡ. ನೀರು ಹಾಕಿದಾಗ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ. ತೊಟ್ಟಿಯಲ್ಲಿ ಸುಣ್ಣದ ಮೇಲೆ ಯಾವಾಗಲೂ ನಾಲ್ಕು ಬೆರಳು ನೀರು ನಿಂತಿರಬೇಕು.